ಬಿದ್ದ ಕುದುರೆಗೆ ಸುಳಿ ನೋಡುವವರು

ತೆರಕಣಾಂಬಿಯ ಗುರುವಾರದ ಸಂತೆಯಲ್ಲಿ ಎತ್ತು ಬೀಳುವುದು ಸುದ್ದಿಯಲ್ಲ. ಲಾಳ ಕಟ್ಟುವವನ ಕಸುಬು ಶುರುವಾಗುವುದೇ ಎತ್ತನ್ನು ಕೆಡವುವುದರಿಂದ. ಹಗ್ಗ ಸುತ್ತಿ ಒಂದು ಎಳೆತ ಎಳೆದರೆ ಎತ್ತು ಧೊಪ್ಪೆಂದು ಮಗ್ಗುಲಾಗುತ್ತದೆ. ನಾಲ್ಕೂ ಕಾಲು ಒಟ್ಟು ಬಿಗಿದು, ಸೀಳು ಗೊರಸಿನ ಒಂದೊಂದು ಹೋಳಿಗೂ ಒಂದೊಂದು ಲಾಳ ಜಡಿದು ಬಿಟ್ಟರೆ ಅದು ಎದ್ದು, ಮೈ ಕೊಡವಿ, ಹುಲ್ಲಿಗೆ ಬಾಯಿ ಹಾಕುತ್ತದೆ. ಇಂಥ ಊರಿನಲ್ಲಿ ನನ್ನ ಸೋದರಮಾವನ ಕುದುರೆ ಬಿತ್ತು.

ಮಾವ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದವನು. ಆಟೋಗಳು ಹೆಚ್ಚಾದ ಮೇಲೆ ಗಾಡಿ ಮಾರಿ, ಕುದುರೆ ಮಾರಲು ಮನಸ್ಸು ಬಾರದೆ, ಅದರ ಸಮೇತ ಊರಿಗೆ ಬಂದಿದ್ದ. ಬೇಸಿಗೆಯ ಒಂದು ಸಂತೆಯ ದಿನ, ಗುಂಡ್ಲುಪೇಟೆ ಕಡೆಯಿಂದ ಬಂದ ಲಾರಿಯ ಹಾರನ್ನಿಗೆ ಬೆಚ್ಚಿದ ಕುದುರೆ ಕಾಯ್ದು ಕಲ್ಲಾಗಿದ್ದ ನೆಲದ ಮೇಲೆ ಮುಗ್ಗರಿಸಿತು. ಮುಂಗಾಲೆರಡನ್ನೂ ಚಾಚಿ, ಹಿಂಭಾಗ ಊರಿ, ನಾಯಿಯ ಹಾಗೆ ಕೂತಿತು. "ಸೊಂಟ ಮುರೀತು ಕನ" ಎಂದರು ಸಂತೆಯವರು. ಅವರದು ತಪ್ಪಲ್ಲ. ದನ ಏಳುವಾಗ ಹಿಂಗಾಲು ಮೊದಲು, ಕುದುರೆ ಏಳುವಾಗ ಮುಂಗಾಲು ಮೊದಲು. ಕುದುರೆ ಏಳುವುದನ್ನು ಅವರಲ್ಲಿ ಯಾರೂ ನೋಡಿರಲಿಲ್ಲ.

ಕುದುರೆ ಎದ್ದು ನಿಂತ ಮೇಲೆ ಸುಳಿಯ ವಿಚಾರಣೆ ಶುರುವಾಯಿತು. ಹಣೆಯಲ್ಲೆಷ್ಟು, ಕೊರಳಲ್ಲೆಲ್ಲಿ? ಒಬ್ಬ ಯಜಮಾನರು ಹೊಟ್ಟೆಯಡಿ ಬಗ್ಗಿ ಕೆಟ್ಟ ಸುಳಿಯೊಂದನ್ನು ಪತ್ತೆ ಮಾಡಿಯೇಬಿಟ್ಟರು. ಬಿದ್ದದ್ದಕ್ಕೆ ಕಾರಣ ಸಿಕ್ಕಿತು, ಬಿದ್ದು ಏನಾಯಿತೆಂದು ಯಾರೂ ಕೇಳಲಿಲ್ಲ. ನಗುವುದಕ್ಕೆ ಮೊದಲು ಹೇಳಬೇಕು, ಇದು ಹಳ್ಳಿಗರ ಖಾಸಗಿ ದಡ್ಡತನವಲ್ಲ. ಕನ್ನಡದಲ್ಲಿ 12ನೇ ಶತಮಾನದಲ್ಲೇ ಕೀರ್ತಿವರ್ಮ 'ಗೋವೈದ್ಯ' ಬರೆದ. ಸುಮಾರು 1400ರಲ್ಲಿ ಅಭಿನವಚಂದ್ರ ಅಶ್ವವೈದ್ಯ ಬರೆದ. 1627ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತ 'ಹಯಸಾರ ಸಮುಚ್ಚಯ' ಬರೆದ. ಆದರೆ ನಮ್ಮ ಅಶ್ವಶಾಸ್ತ್ರದ ಪರಂಪರೆಯಲ್ಲಿ ಮದ್ದಿನ ಪಕ್ಕದಲ್ಲೇ ಸುಳಿಯೂ ಕೂತಿದೆ, ಬಣ್ಣವೂ ಕೂತಿದೆ. ಕುದುರೆ ಒಡೆಯನಿಗೆ ಏನು ತರುತ್ತದೆ ಎಂಬುದು ಅಲ್ಲಿ ದೊಡ್ಡ ಪ್ರಶ್ನೆ.

ತೆರಕಣಾಂಬಿ ವಿಜಯನಗರದ ಕಾಲಕ್ಕೆ ಒಂದು ಸೀಮೆಯ ಕೇಂದ್ರ. ಇಲ್ಲೂ ಕುದುರೆ ಕಟ್ಟಿದ್ದಿರಬೇಕು. ಆ ರಾಜ್ಯದ ಕುದುರೆ ಹುಚ್ಚಿನ ಬಗ್ಗೆ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದದ್ದು ಓದಿದರೆ ಗಾಬರಿಯಾಗುತ್ತದೆ. ದೊರೆ ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ, ಬಾಲ ತಂದು ತೋರಿಸಿದರೆ ಸಾಕು. ಬಾಲಕ್ಕೂ ಬೆಲೆ ಕಟ್ಟಿದವರು ನಾವು. ಕಾಲಿನ ಮೇಲೆ ಕೈ ಆಡಿಸಿದವರ ಹೆಸರು ಮಾತ್ರ ಎಲ್ಲೂ ಉಳಿದಿಲ್ಲ.

ಸಂತೆಯಲ್ಲಿ ಮಾವ ಮೊದಲು ಕುದುರೆಯನ್ನು ಮುಟ್ಟಲೇ ಇಲ್ಲ. ಬೀಡಿ ಹಚ್ಚಿ ದೂರ ನಿಂತ. "ಈಗ ಅದು ಸುಳ್ಳೇಳ್ತದ, ತಡಿ" ಎಂದ. ಹುಲಿ ಚಿರತೆಗಳಿಗೆ ಆಹಾರವಾಗಿ ಬದುಕಿದ ಜಾತಿ, ಕುಂಟಿದರೆ ಉಳಿಗಾಲವಿಲ್ಲವೆಂದು ಅದರ ರಕ್ತಕ್ಕೆ ಗೊತ್ತು. ಬೆದರಿದ ಹೊತ್ತಿನಲ್ಲಿ ನೋವು ಅದಕ್ಕೇ ತಿಳಿಯುವುದಿಲ್ಲ. ಉಸಿರು ಇಳಿದ ಮೇಲೆ ತುಟಿ ಎತ್ತಿ ವಸಡು ಒತ್ತಿದ. ಬೆಳ್ಳಗಾದ ಜಾಗ ಎರಡು ಸೆಕೆಂಡಿನಲ್ಲಿ ಕೆಂಪಾಯಿತು. ದವಡೆಯಡಿ ಬೆರಳಿಟ್ಟು ನಾಡಿ ನೋಡಿದ. ಸುಮ್ಮನಿದ್ದಾಗ ಕುದುರೆಯದು ನಿಮಿಷಕ್ಕೆ ನಲವತ್ತರ ಆಸುಪಾಸು, ಇಲ್ಲವೇ ಅದಕ್ಕೂ ಕಡಿಮೆ. ಆಮೇಲೆ ಹೆಗಲಿನಿಂದ ಬೆನ್ನಿನುದ್ದಕ್ಕೂ ಅಂಗೈ ಒತ್ತುತ್ತ ಬಂದು, ಕಾಲು ಕಾಲನ್ನೂ ಜೋಡಿಯ ಇನ್ನೊಂದರ ಜತೆ ಹೋಲಿಸಿ ತಡವಿದ. ಬಿಸಿ ಇದೆಯೇ, ಊತ ಇದೆಯೇ, ಗೊರಸಿನ ಮೇಲಿನ ಗಂಟಿನ ಹಿಂದೆ ನಾಡಿ ಜೋರಾಗಿ ಬಡಿಯುತ್ತಿದೆಯೇ.

ಅವನು ತುಂಬ ಹೊತ್ತು ಕೂತದ್ದು ಮುಂಗಾಲಿನ ಮಂಡಿಯ ಮುಂದೆ. ಚರ್ಮ ಸುಲಿದು ಮಣ್ಣು ಮೆತ್ತಿತ್ತು. ನೀರು ಹುಯ್ದು ತೊಳೆದು, ಒಸರುವುದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ತಾಗಿಸಿ ಎಳೆದು ನೋಡಿದ. ಮೊಟ್ಟೆಯ ಬಿಳಿಯಂತೆ ನೂಲು ಬಂದರೆ ಕೀಲಿನ ಚೀಲವೇ ಒಡೆದಿದೆ ಎಂದರ್ಥ, ಆಗ ಮನೆಮದ್ದಿನ ಮಾತಿಲ್ಲ, ಡಾಕ್ಟರೇ ಬೇಕು. ಬರೀ ರಕ್ತವಿತ್ತು. ಕೊನೆಗೆ ಗಟ್ಟಿ ನೆಲದಲ್ಲಿ ಹಗ್ಗ ಸಡಿಲ ಬಿಟ್ಟು ನಡೆಸಿದ. ಬಲ ಮುಂಗಾಲು ಊರಿದಾಗಲೆಲ್ಲ ತಲೆ ಚೂರು ಮೇಲೇಳುತ್ತಿತ್ತು. ನನಗೆ ಕಾಣಲಿಲ್ಲ, ಮಾವ ತೋರಿಸಿದ ಮೇಲೆ ಬೇರೇನೂ ಕಾಣಲಿಲ್ಲ. ಗೊರಸು ಎತ್ತಿದರೆ ಲಾಳ ಒಂದು ಕಡೆ ಕಿತ್ತು, ಮೊಳೆ ಓರೆಯಾಗಿ ನೆಟ್ಟಿತ್ತು.

ಮೊಳೆ ಕಿತ್ತ ಮೇಲೆ ಲಾಳ ಕಟ್ಟುವವನ ಹತ್ತಿರ ಹೋದೆವು. ಅವನಲ್ಲಿದ್ದವೆಲ್ಲ ಎತ್ತಿನವು. ಎರಡು ಹೋಳನ್ನು ಅಂಗೈಯಲ್ಲಿ ಜೋಡಿಸಿ, "ಸೇರಿಸಿ ಹೊಡುದ್ರ ಒಂದಾಯ್ತದಲ್ಲ ಬುದ್ದಿ, ಮಲಗ್ಸಿ" ಎಂದು ಹಗ್ಗ ತೆಗೆದ. ಮಾವ ಕುದುರೆಗೂ ಅವನಿಗೂ ನಡುವೆ ಹೋಗಿ ನಿಂತುಕೊಂಡ.