ಸೋಂಪಿನ ತಟ್ಟೆಯ ಚಿಲ್ಲರೆ

ರುದ್ರಪಟ್ಟಣಕ್ಕೆ ಸಂಗೀತ ಕೇಳಲು ಹೋಗುವವರು ಹೊಟ್ಟೆಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣದಲ್ಲಿ ಇಡ್ಲಿಯ ಮೇಲೆ ಸುರಿಯುವ ಕಾಯಿಚಟ್ನಿಯಲ್ಲಿ ತೆಂಗಿನ ಸೀಮೆಯ ಧಾರಾಳವುಂಟು. ಹೊಳೆನರಸೀಪುರದಲ್ಲಿ ಹೇಮಾವತಿಯ ಗಾಳಿಗೆ ಮುಖವೊಡ್ಡಿ ಕುಡಿಯುವ ಕಾಫಿಯುಂಟು. ಹಾಸನದಲ್ಲಿ ಕಾವಲಿಯಿಂದ ಆಗತಾನೇ ಇಳಿದ ಅಕ್ಕಿರೊಟ್ಟಿ. ನಮ್ಮ ಸಂಸಾರ ಎರಡು ದಿನಗಳ ರಜೆಯಲ್ಲಿ ಇಷ್ಟನ್ನೂ ಪೂರೈಸಿಕೊಂಡೇ ಅರಕಲಗೂಡಿನ ದಾರಿ ಹಿಡಿಯಿತು.

ತಿಂಡಿಯಷ್ಟೇ ನನ್ನ ಗಮನ ಸೆಳೆದದ್ದು ಭಕ್ಷೀಸು. ಹಿಂದೆ ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತಿತ್ತು. ಹಣ ಹೋಗಿ ಚಿಲ್ಲರೆ ಮರಳುತ್ತಿತ್ತು. ಅದರಲ್ಲಿ ಒಂದೆರಡು ನಾಣ್ಯ ಅಲ್ಲೇ ಉಳಿಯುತ್ತಿತ್ತು. ಕೊಟ್ಟವನು ಕೊಟ್ಟೆನೆನ್ನಬೇಕಾಗಿರಲಿಲ್ಲ, ಪಡೆದವನು ಕೈಚಾಚಬೇಕಾಗಿರಲಿಲ್ಲ. ಈ ನಾಜೂಕು ಯಾವ ಶಾಸ್ತ್ರದಲ್ಲಿ ಬರೆದಿದೆಯೋ! 2016ರಲ್ಲಿ ಯುಪಿಐ ಬಂದಿತು. ಈಗ ನನ್ನ ಮಗ ಚೌಕುಳಿ ಚಿತ್ರದೆದುರು ಮೊಬೈಲು ಹಿಡಿದ. ಲೆಕ್ಕ ಪೈಸೆ ತಪ್ಪದೆ ತೀರಿತು. ತಟ್ಟೆಯಲ್ಲಿ ಸೋಂಪು ಮಾತ್ರ.

ಬಡಿಸಿದ ಹಿರಿಯರು ಮೇಜು ಒರೆಸುತ್ತ, “ಈಗ ಎಲ್ಲವೂ ನೇರ ಗಲ್ಲಾಪೆಟ್ಟಿಗೆಗೇ ಹಾರಿಹೋಗುತ್ತದೆ ಸ್ವಾಮಿ. ಮೊದಲು ಮೊಮ್ಮಗಳ ನೋಟುಪುಸ್ತಕಗಳು ಆ ಚಿಲ್ಲರೆಯಲ್ಲೇ ಆಗಿಬಿಡುತ್ತಿದ್ದವು” ಎಂದರು. ದೂರಿನ ದನಿಯಲ್ಲ, ಮಳೆ ತಡವಾಯಿತೆಂದು ಹೇಳುವಂತೆ. ನನ್ನಾಕೆ ಇಪ್ಪತ್ತರ ನೋಟೊಂದನ್ನು ಮಡಿಸಿ ತಟ್ಟೆಯ ಅಂಚಿಗೆ ಸೇರಿಸಿದಳು.

“ಸಂಬಳ ಸರಿಯಾಗಿ ಕೊಡುವುದು ಮಾಲೀಕನ ಕೆಲಸವಲ್ಲವೆ?” ಎಂದು ಮಗ ದಾರಿಯುದ್ದಕ್ಕೂ ವಾದಿಸಿದ. ಡಬ್ಲಿನ್ನಿನಲ್ಲಿ ಒಂದು ವರ್ಷ ಇದ್ದು ಬಂದವನು. ಐರ್ಲೆಂಡಿನಲ್ಲಿ 2022ರ ಡಿಸೆಂಬರಿನಿಂದ ಒಂದು ಕಾನೂನು ಜಾರಿಯಲ್ಲಿದೆ: ಕಾರ್ಡಿನಲ್ಲಿ ಬಂದ ಭಕ್ಷೀಸನ್ನೂ ಮಾಲೀಕ ನೌಕರರಿಗೆ ನ್ಯಾಯವಾಗಿ ಹಂಚಬೇಕು, ಅದನ್ನು ತೋರಿಸಿ ಸಂಬಳ ತಗ್ಗಿಸುವಂತಿಲ್ಲ, ಹಂಚುವ ರೀತಿಯನ್ನು ಗಿರಾಕಿಗಳಿಗೆ ಕಾಣುವಂತೆ ಬರೆದು ಹಾಕಬೇಕು. ಒಳ್ಳೆಯ ಕಾನೂನೇ. ಆದರೆ ಅದು ಹಾಸನಕ್ಕೆ ಬರುವವರೆಗೆ ನೋಟುಪುಸ್ತಕಗಳ ಗತಿ?

ರುದ್ರಪಟ್ಟಣ ಕಾವೇರಿಯ ದಡದ ಊರು. ಆರ್.ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ಇಲ್ಲೇ. ವಿದ್ವಾನ್ ಆರ್.ಕೆ. ಪದ್ಮನಾಭರ ಶ್ರಮದಿಂದ ಎದ್ದ ಮಂದಿರಕ್ಕೆ ತಂಬೂರಿಯದೇ ಆಕಾರ. ಒಳಗೆ ಸಪ್ತಸ್ವರಗಳೇ ದೇವತೆಗಳು. ಸಂಜೆ ಹಾಡಿಕೆ ಕೇಳಿದೆವು. ಕಾಂಬೋಧಿಯ ಆಲಾಪನೆ ನಿಂತಾಗ ಚಪ್ಪಾಳೆಗೂ ಮೊದಲು ಒಂದು ಕ್ಷಣ ಮೌನವಾಯಿತು. ನನಗೆ ಅದೇ ಸಾಕಿತ್ತು.

ಕೊನೆಯಲ್ಲಿ ಗಾಯಕರಿಗೆ ತಾಂಬೂಲದ ತಟ್ಟೆ. ಲಕೋಟೆ ಎಲೆಯಡಿಕೆಯ ಕೆಳಗೆ, ಅಂಚು ಮಾತ್ರ ಕಾಣುವಂತೆ.

“ನೋಡಿದೆಯಾ? ಇಲ್ಲಿ ಇಟ್ಟರೆ ಸಂಭಾವನೆ, ಅಲ್ಲಿ ಇಟ್ಟರೆ ಭಕ್ಷೀಸು” ಎಂದಳು ನನ್ನಾಕೆ.

ಮಗ ಉತ್ತರ ಕೊಡಲಿಲ್ಲ. ಅರಕಲಗೂಡಿಗೆ ಮರಳಿದಾಗ ಅಂಗಡಿಯೊಂದರಲ್ಲಿ ನೂರರ ನೋಟು ನೀಡಿ ಚಿಲ್ಲರೆ ಕೇಳುತ್ತಿದ್ದ. ಅಂಗಡಿಯವನು, “ಚಿಲ್ಲರೆ ಎಲ್ಲಿದೆ ಸಾರ್, ಫೋನಿನಲ್ಲೇ ಹಾಕಿಬಿಡಿ” ಎಂದ.