ಡಾರ್ಬಿಯ ದೀಪಚಿತ್ರಗಳು

ಇಂಗ್ಲೆಂಡಿನ ನಡುನಾಡಿನಲ್ಲಿ, ಡರ್ವೆಂಟ್ ನದಿಯ ದಡದ ಮೇಲೆ ಡಾರ್ಬಿ ಎಂಬ ನಗರವುಂಟು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ರೈಲಿನಲ್ಲಿ ಹೊರಟರೆ ಸುಮಾರು ಒಂದೂವರೆ ಗಂಟೆಯಲ್ಲಿ ಅಲ್ಲಿಗೆ ತಲಪಬಹುದು. ಅದು ಕಾರ್ಖಾನೆಗಳಿಂದ ಹೆಸರಾದ ಊರು. ಆದರೂ ಚಿತ್ರಕಲೆಯಲ್ಲಿ ಅಭಿರುಚಿಯುಳ್ಳವರು ಅಲ್ಲಿಯ ವಸ್ತುಸಂಗ್ರಹಾಲಯವನ್ನು ನೋಡದೆ ಹಿಂದಿರುಗಬಾರದು. ೧೭೩೪ರಲ್ಲಿ ಆ ಊರಿನಲ್ಲಿಯೇ ಹುಟ್ಟಿ, ೧೭೯೭ರಲ್ಲಿ ಅಲ್ಲಿಯೇ ಕಾಲವಾದ ಜೋಸೆಫ್ ರೈಟ್ ಎಂಬ ಚಿತ್ರಗಾರನ ಅನೇಕ ಕೃತಿಗಳು ಅಲ್ಲಿವೆ. ದೀಪದ ಬೆಳಕಿನಲ್ಲಿ ಕಾಣುವ ರಾತ್ರಿಯನ್ನು ತೈಲವರ್ಣದಲ್ಲಿ ಬರೆಯುವುದೇ ಆತನ ಕೀರ್ತಿಗೆ ಕಾರಣವಾಯಿತು.

ಅವುಗಳಲ್ಲಿ ಮೊದಲು ನೋಡಬೇಕಾದುದು ೧೭೬೬ರ ‘ಓರರಿ’ಯ ಚಿತ್ರ. ಸೂರ್ಯನ ಸುತ್ತ ಗ್ರಹಗಳು ತಿರುಗುವ ಬಗೆಯನ್ನು ತೋರಿಸುವ ಯಂತ್ರಕ್ಕೆ ಓರರಿ ಎಂದು ಹೆಸರು. ಕೆಂಪು ನಿಲುವಂಗಿ ತೊಟ್ಟ ಪಂಡಿತನೊಬ್ಬನು ಅದನ್ನು ವಿವರಿಸುತ್ತಿದ್ದಾನೆ. ನಡುವೆ ಸೂರ್ಯನಿರಬೇಕಾದ ಸ್ಥಾನದಲ್ಲಿ ಒಂದು ದೀಪವಿದೆ. ಆದರೆ ನಮಗೆ ಬೆನ್ನುಮಾಡಿ ನಿಂತ ಒಂದು ಮಗು ಅದನ್ನು ಮರೆಮಾಡಿದೆ. ನಾವು ಕಾಣುವುದು ಸುತ್ತಲಿನ ಮುಖಗಳನ್ನು ಮಾತ್ರ. ಯಂತ್ರದತ್ತ ಬಾಗಿರುವ ಇಬ್ಬರು ಮಕ್ಕಳ ಕೆನ್ನೆಗಳ ಮೇಲೆ ಆ ಬೆಳಕು ಬಿದ್ದು, ಅವರ ಕೌತುಕವೇ ಹೊಳೆಯುವಂತಿದೆ.

ದೀಪವನ್ನು ಹೀಗೆ ಮರೆಸುವುದರಲ್ಲಿ ಕುಶಲತೆಯುಂಟು. ಬಿಳಿಯ ಬಣ್ಣವು ಎಷ್ಟೇ ಶುಭ್ರವಾಗಿದ್ದರೂ ನಿಜವಾದ ಜ್ವಾಲೆಯ ಮುಂದೆ ಮಂಕೇ. ಜ್ವಾಲೆಯು ಕಾಣದಿದ್ದರೆ ನೋಡುವವರ ಕಣ್ಣು ಹೋಲಿಕೆಗೆ ತೊಡಗದೆ, ಮುಖಗಳ ಕಾಂತಿಯನ್ನು ನಂಬುತ್ತದೆ. ಕತ್ತಲೆಯನ್ನು ಬರೆಯುವುದೂ ಸುಲಭವಲ್ಲ. ಬರಿಯ ಕಪ್ಪನ್ನು ಬಳಿದರೆ ಅದು ಗೋಡೆಯಂತೆ ನಿಲ್ಲುತ್ತದೆ. ಕಂದು ಮೊದಲಾದ ಬಣ್ಣಗಳನ್ನು ಎಣ್ಣೆಯಲ್ಲಿ ತೆಳುವಾಗಿ ಕಲಸಿ, ಒಂದು ಪದರವು ಒಣಗಿದ ಮೇಲೆ ಇನ್ನೊಂದನ್ನು ಹಚ್ಚುತ್ತ ಹೋದರೆ ನೆರಳಿಗೆ ಆಳ ಬರುತ್ತದೆ. ಬೆಳಕು ತಾಗುವೆಡೆಯಲ್ಲಿ ಮಾತ್ರ ಬಿಳಿಯನ್ನು ದಪ್ಪವಾಗಿ ಇಡಬೇಕು. ಎಣ್ಣೆಯ ಬಣ್ಣವು ನಿಧಾನವಾಗಿ ಒಣಗುವುದರಿಂದ ಬೆಳಕು ನೆರಳಿನಲ್ಲಿ ಕರಗುವ ಅಂಚನ್ನು ಸಾವಕಾಶವಾಗಿ ತಿದ್ದಬಹುದು.

ಇನ್ನೊಂದು ತೊಡಕುಂಟು. ಮೇಣದ ಬತ್ತಿಯ ಬೆಳಕಿನಲ್ಲಿಯೇ ಕುಳಿತು ಬರೆದರೆ ಹಳದಿಗೂ ಬಿಳಿಗೂ ಭೇದ ತಿಳಿಯದು. ಆದುದರಿಂದ ರೈಟನು ಮಡಿಸುವ ತೆರೆಗಳನ್ನು ಕಟ್ಟಿ, ಅವುಗಳ ಒಳಗೆ ದೀಪವನ್ನೂ ವಸ್ತುಗಳನ್ನೂ ಇರಿಸಿ, ಹೊರಗಿನಿಂದ ಕಿಂಡಿಯಲ್ಲಿ ನೋಡಿ ಬರೆಯುತ್ತಿದ್ದನೆಂದು ಆತನ ಚರಿತ್ರೆಯಲ್ಲಿ ಹೇಳಿದೆ.

ಡಾರ್ಬಿಯಿಂದ ಡರ್ವೆಂಟ್ ಕಣಿವೆಯಲ್ಲಿ ಸುಮಾರು ೧೫ ಮೈಲಿ ಉತ್ತರಕ್ಕೆ ಹೋದರೆ ಕ್ರಾಮ್‌ಫರ್ಡ್ ಎಂಬ ಹಳ್ಳಿ ಸಿಕ್ಕುತ್ತದೆ. ರಿಚರ್ಡ್ ಆರ್ಕ್‌ರೈಟ್ ಎಂಬಾತನು ೧೭೭೧ರಲ್ಲಿ ನೀರಿನ ಬಲದಿಂದ ಹತ್ತಿಯನ್ನು ನೂಲುವ ಗಿರಣಿಯನ್ನು ಅಲ್ಲಿ ಸ್ಥಾಪಿಸಿದನು. ಅದು ಹನ್ನೆರಡು ಹನ್ನೆರಡು ಗಂಟೆಗಳ ಸರದಿಯಲ್ಲಿ ಹಗಲಿರುಳೂ ನಡೆಯುತ್ತಿತ್ತು. ಕೂಲಿಯಾಳುಗಳಲ್ಲಿ ಎಳೆಯ ಮಕ್ಕಳು ಅನೇಕರಿದ್ದರು. ಈ ಗಿರಣಿಗಳ ರಾತ್ರಿಯನ್ನೂ ರೈಟನು ಸುಮಾರು ೧೭೮೨ರಲ್ಲಿ ಬರೆದನು. ಮರಗಳು ತುಂಬಿದ ಬೆಟ್ಟಗಳು, ಮೇಲೆ ಚಂದ್ರ, ಕೆಳಗೆ ಸಾಲುಸಾಲಾಗಿ ಬೆಳಗುವ ಕಿಟಕಿಗಳು. ನೋಟವೇನೋ ಅತಿ ರಮ್ಯ. ಆದರೆ ಆ ಕಿಟಕಿಗಳೊಳಗೆ ನೂಲನ್ನು ಹಿಡಿದ ಕೈಗಳು ನಮಗೆ ಕಾಣಿಸವು.

ದೀಪದ ಬುಡದಲ್ಲಿ ಕತ್ತಲೆಯೆಂದು ನಮ್ಮ ಹಿರಿಯರು ಹೇಳುವರಷ್ಟೆ. ಒಂದೇ ಕಣಿವೆಯಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ, ಒಂದು ದೀಪವು ಮಕ್ಕಳಿಗೆ ಗ್ರಹಗಳನ್ನು ತೋರಿಸಿತು. ಇನ್ನೊಂದು ಮಕ್ಕಳ ನಿದ್ದೆಯನ್ನು ಕಿತ್ತುಕೊಂಡಿತು. ಡರ್ವೆಂಟ್ ಕಣಿವೆಯ ಗಿರಣಿಗಳನ್ನು ೨೦೦೧ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ತಾಣಗಳ ಸಾಲಿಗೆ ಸೇರಿಸಿತು. ಕ್ರಾಮ್‌ಫರ್ಡಿನ ಕಟ್ಟಡಗಳನ್ನು ಯಾತ್ರಿಕರು ಇಂದಿಗೂ ನೋಡಬಹುದು. ಡಾರ್ಬಿಯ ಚಿತ್ರದಲ್ಲಿ ಬೆಳಗುವ ಮಕ್ಕಳ ಮುಖಗಳನ್ನು ಕಂಡವರು ಈ ಕಿಟಕಿಗಳ ಕೆಳಗೂ ಒಂದು ಗಳಿಗೆ ನಿಂತು ಬರುವುದು ಉಚಿತ.