ಹುಮನಾಬಾದಿನ ಮಹಲು, ಮಣಿಪಾಲದ ಬ್ಯಾಂಕ್ ಉದ್ಯೋಗಿ

ಹತ್ತನೆಯ ತರಗತಿ ಮುಗಿಸಿದ ಮಕ್ಕಳ ಮನೆಗಳಲ್ಲಿ ಜೂನ್ ಬಂತೆಂದರೆ ಒಂದೇ ಚರ್ಚೆ: ಕಲೆಯೋ, ವಾಣಿಜ್ಯವೋ? ಲೆಕ್ಕ ಬಲ್ಲವನಿಗೆ ಬ್ಯಾಂಕು, ಚಿತ್ರ ಬರೆಯುವವನಿಗೆ ಉಪವಾಸ ಎಂಬ ತೀರ್ಪನ್ನು ಔರಾದ ಶಹಾಜನಿಯ ಪಾಲಕರೂ ಮೇಲ್ಮನವಿಯಿಲ್ಲದೆ ಒಪ್ಪಿಕೊಂಡಂತಿದೆ. ಈ ತೀರ್ಪಿಗೆ ಒಗ್ಗದ ಬದುಕು ಮಣಿಪಾಲದ ವಿಜಯನಾಥ ಶೆಣೈ ಅವರದು.

ಶೆಣೈ ಅವರು ವೃತ್ತಿಯಿಂದ ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನವೂ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಪುಸ್ತಕದಲ್ಲಿ ಬರೆದುಕೊಳ್ಳುವ ಪದ್ಧತಿ ಅದು. ಚಿಲ್ಲರೆಯನ್ನು ಕೀಳೆನ್ನದ ಆ ಬ್ಯಾಂಕಿನ ಅಭ್ಯಾಸವೇ ಶೆಣೈ ಅವರ ಸಂಗ್ರಹಕ್ಕೂ ಬಂದಿತೆನ್ನಬಹುದು. ಅವಿಭಕ್ತ ಕುಟುಂಬಗಳು ಒಡೆದು, 1974ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಗೇಣಿಯ ಆದಾಯವೂ ನಿಂತು, ಕರಾವಳಿಯ ದೊಡ್ಡ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿದ್ದ ಕಾಲ. ಬೀಳುವ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ಅವರು ಬಿಡಿಬಿಡಿಯಾಗಿ ತಂದರು. ಅವುಗಳಿಂದಲೇ ಮಣಿಪಾಲದಲ್ಲಿ 'ಹಸ್ತಶಿಲ್ಪ' ಎಂಬ ಮನೆ ಎದ್ದಿತು. ಆಮೇಲೆ ಬಿಡಿ ಭಾಗಗಳು ಸಾಲದೆ ಇಡೀ ಮನೆಗಳೇ ಬಂದವು. ಸುಮಾರು ಆರು ಎಕರೆಯಲ್ಲಿ ಹರಡಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಬೆಳೆದದ್ದು ಹೀಗೆ. ರವಿವರ್ಮನ ಮುದ್ರಿತ ಚಿತ್ರಗಳಿಗೂ ತಂಜಾವೂರು ಚಿತ್ರಗಳಿಗೂ ಅಲ್ಲಿ ಜಾಗವಿದೆ.

ಈ ಗಡಿಯ ಓದುಗರಿಗೆ ಆ ಗ್ರಾಮ ದೂರದ್ದೇನಲ್ಲ. ಅಲ್ಲಿರುವ ದಖ್ಖನಿ ನವಾಬ ಮಹಲು 1912ರದು, ಹುಮನಾಬಾದಿನದು. 1956ರವರೆಗೆ ಹುಮನಾಬಾದೂ ನಿಲಂಗಾ, ಉದಗೀರಗಳೂ ಬೀದರ ಎಂಬ ಒಂದೇ ಜಿಲ್ಲೆಯಲ್ಲಿದ್ದವು. ಅಂದರೆ ಅಜ್ಜಂದಿರ ಜಿಲ್ಲೆಯ ಮಹಲೊಂದು ಈಗ ಅರಬ್ಬೀ ಸಮುದ್ರದ ಬಳಿ ನಿಂತಿದೆ.

ಮಹಲನ್ನು ಸ್ಥಳಾಂತರಿಸಲು ಕಲಾಪ್ರೇಮ ಬೇಕು. ಆದರೆ ಕೆಲಸ ಸಾಗುವುದು ಲೆಕ್ಕದಿಂದ. ಬಿಚ್ಚುವ ಮುನ್ನ ಪ್ರತಿ ತೊಲೆಗೂ ಸಂಖ್ಯೆ ಬೀಳಬೇಕು, ನಕ್ಷೆಯಲ್ಲಿ ಅದರ ಜಾಗ ಗುರುತಾಗಬೇಕು. ಇಲ್ಲಿ ಇಳಿದದ್ದು ಅಲ್ಲಿ ಏರಿದೆಯೇ ಎಂದು ತಾಳೆ ನೋಡಬೇಕು. ಜಮಾ-ಖರ್ಚಿನ ಪುಸ್ತಕ ಬರೆದ ಕೈಗೆ ಇದು ಹೊಸದಾಗಿರಲಾರದು. ಮಹಲು ಎದ್ದು ನಿಂತ ಮೇಲೂ ಖರ್ಚು ನಿಲ್ಲುವುದಿಲ್ಲ. ಬೀದರ ಸೀಮೆಯ ಮಳೆಗೆ ಕಟ್ಟಿದ ಮನೆ ಉಡುಪಿಯ ಸುಮಾರು 4000 ಮಿಲಿಮೀಟರ್ ಮಳೆಯನ್ನು ಪ್ರತಿವರ್ಷ ತಾಳಬೇಕು. ಗೆದ್ದಲಿಗಂತೂ ರಜೆಯೇ ಇಲ್ಲ. (ಮುಂಬಯಿಯಲ್ಲಿ ಆಧುನಿಕ ಚಿತ್ರಗಳನ್ನು ಸಂಗ್ರಹಿಸಿದ ಜಹಾಂಗೀರ್ ನಿಕಲ್ಸನ್ ಕೂಡ ಲೆಕ್ಕಪರಿಶೋಧಕರೇ.)

ಕಾನೂನಿನ ಕಣ್ಣಿಗೆ ಇನ್ನೊಂದು ಸಂಗತಿ ಹೆಚ್ಚು ಬೆಲೆಯುಳ್ಳದ್ದು. ಕೂಡಿಸಿದ್ದು ಶೆಣೈ ಅವರ ಸ್ವಂತ ಹೆಸರಿನಲ್ಲಿ ಉಳಿಯದೆ ಹಸ್ತಶಿಲ್ಪ ಟ್ರಸ್ಟಿಗೆ ಸೇರಿತು. ಸ್ವಂತ ಸಂಗ್ರಹವಾದರೆ ಒಡೆಯನ ನಂತರ ವಾರಸುದಾರರಲ್ಲಿ ಹಂಚಿಹೋಗುತ್ತದೆ. ಟ್ರಸ್ಟಿನ ಆಸ್ತಿಗೆ ಪಾಲುಪಟ್ಟಿ ಇಲ್ಲ. ಶೆಣೈ ಅವರು 2017ರ ಮಾರ್ಚಿನಲ್ಲಿ ತೀರಿಕೊಂಡರು. ಮಹಲು ಪಾಲಾಗಲಿಲ್ಲ.

ಮಹಾರಾಷ್ಟ್ರದಲ್ಲಿ ಇದಕ್ಕೆ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯಿದೆ. ನೋಂದಾಯಿತ ಟ್ರಸ್ಟು ವರ್ಷವರ್ಷ ಲೆಕ್ಕ ತಪಾಸಣೆ ಮಾಡಿಸಬೇಕು; ಧರ್ಮಾದಾಯ ಆಯುಕ್ತರ ಅನುಮತಿಯಿಲ್ಲದೆ ಸ್ಥಿರಾಸ್ತಿ ಮಾರುವಂತಿಲ್ಲ. ನಿಲಂಗಾ, ಉಮರಗಾ ಭಾಗದ ಹಳೆಯ ವಾಡೆಗಳ ಸ್ಥಿತಿ ಬೇರೆ. ನಾಲ್ವರು ಅಣ್ಣತಮ್ಮಂದಿರ ಹೆಸರು ಉತಾರೆಯಲ್ಲಿ ಏರಿದ ವಾಡೆಯ ಮಾಳಿಗೆ ಸೋರಿದರೆ ದುರಸ್ತಿಗೆ ಯಾರು ಹಣ ಹಾಕಬೇಕೆಂಬುದೇ ತಂಟೆ. ತಂಟೆ ತೀರುವುದರೊಳಗೆ ಮಾಳಿಗೆ ಕುಸಿಯುತ್ತದೆ, ಕಟ್ಟಿಗೆ ವ್ಯಾಪಾರಿ ಬರುತ್ತಾನೆ. ಸಾಗವಾನಿಯ ಕೆತ್ತನೆಯ ಕಂಬಕ್ಕೂ ಬೋಳು ತೊಲೆಗೂ ಅವನದು ಘನ ಅಡಿಯ ಲೆಕ್ಕ. ಕೆತ್ತನೆಗೆಂದು ಪ್ರತ್ಯೇಕ ದರವನ್ನು ಅವನು ಕಟ್ಟುವುದಿಲ್ಲ.